ಮೂಲೆ ಹಿಡಿದ ಮೀನುಗಳು

ಅತ್ತೆಯ ಕಣ್ಣಿನ ಪೊರೆ ತೆಗೆಸಿದ ಮರುದಿನ ಪಟ್ಟಿ ಬಿಚ್ಚಿದರು. ಮಗ ಎದುರಿಗೇ ನಿಂತಿದ್ದರೂ ಅವರ ನೋಟ ಅವನ ಹೆಗಲ ಮೇಲಿಂದ ಹಾಯ್ದು, ಆಸ್ಪತ್ರೆಯ ವರಾಂಡದಲ್ಲಿದ್ದ ಗಾಜಿನ ಪೆಟ್ಟಿಗೆಗೆ ಹೋಗಿ ನಿಂತಿತು. ಅದರೊಳಗೆ ನಾಲ್ಕಾರು ಗೋಲ್ಡ್ ಫಿಶ್ ಇದ್ದವು.

"ಯವ್ವಾ, ಎಷ್ಟ ಕೆಂಪ ಅದಾವ ಬೇ ಅವು! ಕೆಂಪಂದ್ರ ಹೆಂಗಿರ್ತೈತಿ ಅನ್ನೂದ ನಾ ಮರ್ತ ಬಿಟ್ಟಿದ್ನಿ," ಅಂದರು. ಮನೆಗೆ ಬಂದಮೇಲೂ ಅದೇ ಮಾತು. ನಮ್ಮ ಮನೆಯಲ್ಲೂ ಅಂಥ ಮೀನು ಬೇಕು.

ನಮ್ಮದು ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಹತ್ತಿರದ ಮನೆ. ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಗಂಡ ಮೋಟಾರ್ ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮೊಟ್ಟೆಯೂ ಒಳಗೆ ಬಾರದ ಮನೆಗೆ ಮೀನು ತರುವುದೆಂದರೆ ಅವರಿಗೆ ಮುಜುಗರ.

"ಮಂದಿ ಏನಂದಾರಬೇ?"

"ತಿನ್ನಾಕ ಅಲ್ಲಪಾ, ನೋಡಾಕ," ಅಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಗಾಜಿನ ಪೆಟ್ಟಿಗೆ ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಆದರೆ ಹಿತ್ತಲಲ್ಲಿ ಒಂದು ಗುಂಡಿ ಇತ್ತು. ಮೊದಲಿದ್ದವರು ನೀರಿನ ಟಾಕಿಗೆಂದು ಸೊಂಟದಾಳ ತೋಡಿಸಿ, ಅರ್ಧಕ್ಕೇ ಬಿಟ್ಟು, ಮನೆ ಮಾರಿ ಹೋಗಿದ್ದರು. ಯಾಕೆ ಬಿಟ್ಟರೆಂದು ಗೋಡೆಯಾಚೆಯ ಮನೆಯ, ನಾವೆಲ್ಲ ಆಪಾ ಎಂದು ಕರೆಯುವ ಹೆಂಗಸನ್ನು ಕೇಳಿದಾಗ, "ಕಲ್ಲ ಹತ್ತಿತ್ರಿ. ಆಮ್ಯಾಲ ಅವರ ಮನಿ ಹೆಣಮಗಳ ಆ ಕುಣ್ಯಾಗ ಇಳ್ಯಾಕ ಒಲ್ಲೆ ಅಂದ್ಳು," ಎಂದಿದ್ದರು. ಯಾಕೆ ಒಲ್ಲೆ ಅಂದಳೋ ಅವರಿಗೂ ಗೊತ್ತಿರಲಿಲ್ಲ. ನಾನು ಇಳಿದೆ. ಹೊರಗೆ ಬಿಸಿಲು ಬೆಂಕಿಯಂತಿದ್ದರೂ ಅದರ ತಳದ ಕಲ್ಲು ಅಂಗಾಲಿಗೆ ತಣ್ಣಗೆ ಹತ್ತಿತು. ಹತ್ತಿರದಲ್ಲೇ ರೈಲು ಹೋದರೆ ಆ ಕಲ್ಲು ಸಣ್ಣಗೆ ಗುಂಯ್‌ಗುಡುತ್ತಿತ್ತು.

ಬಿಜ್ಜರಗಿಯಲ್ಲಿ ನನ್ನ ಅಕ್ಕನ ಮನೆಯವರ ದ್ರಾಕ್ಷಿ ತೋಟವಿದೆ. ಅಲ್ಲಿಯ ಕೃಷಿಹೊಂಡಕ್ಕೆ ಹಾಸಿ ಉಳಿದ ಕರಿ ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ಸುರುಳಿಯಾಗಿ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಗಂಡ ಅದನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಗುಂಡಿಯೊಳಗೆ ಗೊಬ್ಬರದ ಖಾಲಿ ಚೀಲ, ಅದರ ಮೇಲೆ ಹಳೆಯ ಸೀರೆ, ಎಲ್ಲದರ ಮೇಲೆ ಆ ಹಾಳೆ. ಚೂಪು ಕಲ್ಲು ಹಾಳೆಯನ್ನು ಹರಿಯಬಾರದೆಂದು ಇಷ್ಟು ಮೆತ್ತೆ. ಅಂಚಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಡಕುಗಳನ್ನು ಹೇರಿದೆವು. ನಳದ ನೀರಿನಲ್ಲಿ ಔಷಧಿಯ ವಾಸನೆ ಇರುತ್ತದೆಂದು ತುಂಬಿದ ಮೇಲೆ ಕೆಲವು ದಿನ ಹಾಗೇ ಬಿಸಿಲಿಗೆ ಬಿಟ್ಟೆವು. ಮೇಲೆ ಅರ್ಧಕ್ಕೆ ಹಸಿರು ಬಲೆ ಕಟ್ಟಿ ನೆರಳು ಮಾಡಿದೆವು. ಇಲ್ಲವಾದರೆ ನಮ್ಮೂರ ಬೇಸಿಗೆಯಲ್ಲಿ ಮೀನು ಬೆಂದೇ ಹೋದಾವು.

ಪೇಟೆಯಿಂದ ಮೀನು ತಂದು ಬಿಟ್ಟ ಸಂಜೆ ನಾವು ಮೂವರೂ ಅಂಚಿನಲ್ಲಿ ಕೂತು ನೋಡಿದೆವು. ಹಾಳೆ ಕಪ್ಪಾದ್ದರಿಂದ ತಳ ಕಾಣುವುದಿಲ್ಲ. ನೀರು ಇದೆಯೆಂಬುದೂ ಕಾಣುವುದಿಲ್ಲ. ಕತ್ತಲಿನಲ್ಲಿ ಯಾರೋ ಕೆಂಡಗಳನ್ನು ತೂಗುಹಾಕಿದ ಹಾಗೆ ಅವು ಅಷ್ಟೇ ಕಾಣುತ್ತಿದ್ದವು. ಅತ್ತೆ ಹಿಗ್ಗಿಹೋದರು. ನನಗೆ ಯಾಕೋ ಸೆರಗು ಹೊದ್ದುಕೊಳ್ಳಬೇಕೆನಿಸಿತು.

ವಾರದೊಳಗೆ ನೀರು ಹಾಲು ಕಲಸಿದಂತೆ ಕದಡಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಎರಡು ಸತ್ತವು. ಆಗ ಫಿಲ್ಟರ್ ಬೇಕೆಂದು ತಿಳಿಯಿತು. ಅಂಗಡಿಯದನ್ನು ಕೊಳ್ಳುವ ಬದಲು, ಕೆಟ್ಟು ಮೂಲೆಗೆ ಬಿದ್ದಿದ್ದ ನಮ್ಮ ಏರ್ ಕೂಲರಿನ ಪುಟ್ಟ ಪಂಪನ್ನು ಬಿಚ್ಚಿಕೊಂಡೆವು. ಬಣ್ಣದ ಖಾಲಿ ಬಕೆಟಿನ ತಳಕ್ಕೆ ರಂಧ್ರ ಕೊರೆದು, ಕೆಳಗೆ ಜಲ್ಲಿಕಲ್ಲಿನ ಕಡಿ, ನಡುವೆ ಹಂಚಿನ ಚೂರು, ಮೇಲೆ ಸ್ಪಂಜು ತುಂಬಿದೆ. ಪಂಪು ಹೊಂಡದ ನೀರನ್ನು ಎತ್ತಿ ಬಕೆಟಿಗೆ ಸುರಿಯುತ್ತದೆ, ನೀರು ಸೋಸಿ ತಿರುಗಿ ಹೊಂಡಕ್ಕೆ ಬೀಳುತ್ತದೆ. ನಾನು ದಿನಾ ಆ ಕಡಿಯನ್ನೆಲ್ಲ ಥಳಥಳ ತೊಳೆದಿಡುತ್ತಿದ್ದೆ, ನೀರು ಮಾತ್ರ ತಿಳಿಯಾಗಲೊಲ್ಲದು. ಬೇಸತ್ತು ತೊಳೆಯುವುದು ಬಿಟ್ಟೆ. ಕಲ್ಲಿಗೆ ಕಂದು ಲೋಳೆ ಹತ್ತಿತು, ಹತ್ತಿದ ಮೇಲೆ ನೀರು ತಾನಾಗಿ ತಿಳಿಯಾಯಿತು. ಹೊಲಸು ತಿನ್ನುವ ಸಣ್ಣ ಜೀವಗಳು ಆ ಲೋಳೆಯಲ್ಲೇ ಇರುತ್ತವಂತೆ. ಆಮೇಲೆ ಸ್ಪಂಜನ್ನಷ್ಟೇ, ಅದೂ ಹೊಂಡದ ನೀರಿನಲ್ಲೇ ಹಿಂಡಿ ಇಡುವುದನ್ನು ಕಲಿತೆ.

ಅತ್ತೆ ಮಧ್ಯಾಹ್ನವೆಲ್ಲ ಅಲ್ಲೇ ಕೂರುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ಈಗ ಗಾಡಿ ಬರ್ತೈತಿ ನೋಡ," ಅಂದರು. ನನಗೆ ಏನೂ ಕೇಳಿಸಲಿಲ್ಲ. ಮೀನುಗಳೆಲ್ಲ ಒಮ್ಮೆಲೇ ಕೆಳಗಿಳಿದು ಕಪ್ಪಿನೊಳಗೆ ಮರೆಯಾಗಿದ್ದವು. ಸ್ವಲ್ಪ ಹೊತ್ತಿಗೆ ದೂರದಲ್ಲಿ ರೈಲಿನ ಸದ್ದು ಬಂತು, ಹತ್ತಿರವಾಯಿತು, ಹಾದು ಹೋಯಿತು. ಅದು ಹೋದ ಮೇಲೆ ಒಂದೊಂದೇ ಕೆಂಪು ಮೇಲೆದ್ದಿತು. ತಳದ ಆ ಕಲ್ಲೇ ಅವಕ್ಕೆ ಮೊದಲು ಸುದ್ದಿ ಕೊಡುತ್ತದೆಂದು ಅಂದುಕೊಂಡೆವು. ನಮಗೆ ಅದೊಂದು ಆಟವಾಯಿತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಪಂಪು ನಿಂತಿತ್ತು, ಹೊಲಿಗೆ ಬಿಟ್ಟು ನಾನೂ ಹೊಂಡದ ಬಳಿ ಬಂದೆ. ಒಂದು ಮೀನೂ ಕಾಣುತ್ತಿರಲಿಲ್ಲ.

"ಗಾಡಿ ಬಂತೇನ್ರಿ?"

"ಇಲ್ಲ ಬೇ. ಆಗಿಂದ ಹಿಂಗs ಅದಾವ. ಗಾಡಿ ಬರವಲ್ತು, ಇವು ಏಳವಲ್ಲವು."

ನಾವಿಬ್ಬರೂ ಕಪ್ಪು ನೀರನ್ನೇ ನೋಡುತ್ತ ಕೂತೆವು. ಗಾಳಿ ಇರಲಿಲ್ಲ. ಆಪಾರ ಮನೆಯ ಕೋಳಿಗಳೂ ಸದ್ದು ಮಾಡುತ್ತಿರಲಿಲ್ಲ. ಆಗ ನೆಲದೊಳಗೆ ಯಾರೋ ದೊಡ್ಡ ಬಂಡೆಯೊಂದನ್ನು ಹೊರಳಿಸಿದ ಹಾಗೆ 'ಧಡ್' ಎಂದಿತು. ಕೂತಲ್ಲೇ ಮೈ ಅಲುಗಿತು. ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಿದವು. ಅಷ್ಟೇ. ಓಣಿಯ ಜನ ಹೊರಗೆ ಓಡಿ ಬಂದರು.

ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ನೆಲ ಆಗೀಗ ಹೀಗೆ ನಡುಗುತ್ತದೆ. ತಿಕೋಟಾ, ಬಬಲೇಶ್ವರದ ಕಡೆ ಹಳ್ಳಿಗಳಲ್ಲಿ ಜನ ಹೆದರಿ ಅಂಗಳದಲ್ಲಿ ಮಲಗಿದ್ದೂ ಉಂಟು. ಅಂದು ಅಕ್ಕ ಬಿಜ್ಜರಗಿಯಿಂದ ಫೋನ್ ಮಾಡಿ ಬಾವಿಯ ದಂಡೆಯ ಕಲ್ಲು ಜಾರಿ ಬಿದ್ದವೆಂದು ಹೇಳಿದಳು. ನಾನು ಮೀನಿನ ವಿಷಯ ಹೇಳಿದೆ. ಅವಳು ಕೂಡಲೇ, "ಈಗ ಹೆಂಗ ಅದಾವ?" ಎಂದು ಕೇಳಿದಳು.

ಆ ಪ್ರಶ್ನೆ ಅಂದಿನಿಂದ ಬೆನ್ನು ಬಿಡಲಿಲ್ಲ. ಅಕ್ಕ ದಿನಾ ಕೇಳುತ್ತಿದ್ದಳು. ನಿಡೋಣಿಯಿಂದ ಅತ್ತೆಯ ತಂಗಿ ಕೇಳುತ್ತಿದ್ದರು. ಬ್ಲೌಸ್ ಅಳತೆ ಕೊಡಲು ಬಂದವರು ಅಳತೆ ಕೊಡುವ ಮೊದಲು ಹಿತ್ತಲಿಗೆ ಹೋಗಿ ಇಣುಕಿ ಬರುತ್ತಿದ್ದರು. ಮೊದಮೊದಲು "ಸಾಕಿ ತಿನ್ನಾಕೇನ್ರಿ?" ಎಂದು ನಗುತ್ತಿದ್ದ ಹೆಂಗಸರೇ ಈಗ ಚಪ್ಪಲಿ ಬಿಟ್ಟು ನಿಲ್ಲುವಂತಾಯಿತು. ಮೀನು ಈಜಾಡುತ್ತಿದ್ದರೆ ನಿಟ್ಟುಸಿರು ಬಿಟ್ಟು ಹೋಗುವರು. ಅವರು ಹೋದಮೇಲೆ ನಾನೂ ಹೋಗಿ ನೋಡುವೆ. ಹೊಲಿಯುತ್ತ ಕೂತಾಗ ನೀರು ಬೀಳುವ ಸದ್ದು ಸ್ವಲ್ಪ ಬದಲಾದರೂ ಕಾಲು ಮಿಷಿನ್ನಿನ ಮೇಲೆ ನಿಂತುಬಿಡುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಮೀನುಗಳು ಹೊಸದೊಂದು ರೂಢಿ ಹಿಡಿದವು. ತಳಕ್ಕೆ ಇಳಿಯುವುದನ್ನು ಬಿಟ್ಟು ಆಪಾರ ಮನೆಯ ಗೋಡೆಯ ಕಡೆಯ ಮೂಲೆಯೊಂದರಲ್ಲಿ ಒಟ್ಟಾಗಿ ನಿಂತವು. ಒಂದರ ಪಕ್ಕ ಒಂದು, ಮುಖವೆಲ್ಲ ಗೋಡೆಯ ಕಡೆ, ರೆಕ್ಕೆಯಷ್ಟೇ ಸಣ್ಣಗೆ ಅಲುಗುತ್ತಿತ್ತು. ಕಾಳು ಹಾಕಿದರೂ ಹೊರಳಲಿಲ್ಲ. ಕಾಳು ಅವುಗಳ ಬೆನ್ನ ಮೇಲೆಯೇ ಹಾದು ಮುಳುಗಿತು. ಮಧ್ಯಾಹ್ನವೂ ಹಾಗೇ, ಸಂಜೆಯೂ ಹಾಗೇ. ರೈಲು ಬಂದು ಹೋದರೂ ಕದಲಲಿಲ್ಲ.

"ಯಾರನ್ನs ನೋಡಾಕತ್ತಾವ," ಅಂದರು ಅತ್ತೆ ಮೆಲ್ಲಗೆ.

"ಅಲ್ಲಿ ಬರೀ ಗ್ವಾಡಿ ಐತ್ರಿ, ಅತ್ತಿ."

"ನಮಗ ಗ್ವಾಡಿ."

ಗಂಡ ಆ ಮಾತಿಗೆ ಸಿಟ್ಟಾದರು. ಆದರೆ ಅಂದಿನಿಂದ ಅವರೂ ಆ ಗೋಡೆಗೆ ಒರಗಿಸಿಡುತ್ತಿದ್ದ ಮೋಟಾರ್ ಸೈಕಲ್ಲನ್ನು ಬೀದಿಯಲ್ಲೇ ನಿಲ್ಲಿಸತೊಡಗಿದರು. ಆಪಾ ಗೋಡೆಯ ಆ ಬದಿಯಲ್ಲಿದ್ದ ನೀರಿನ ಕೊಡಗಳನ್ನು ತೆಗೆದಿಟ್ಟರು. ಈ ಸಲ ದೊಡ್ಡದು ಬರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸುದ್ದಿ ಕೇಳಿ ಅತ್ತೆಯ ತಂಗಿ ನಿಡೋಣಿಯಿಂದ ಬಸ್ಸು ಹತ್ತಿ ಬಂದರು. ಅವರದು ಮಣ್ಣಿನ ಮೇಲ್ಛಾವಣಿಯ ಹಳೆಯ ಮನೆ. ನೆಲ ನಡುಗಿದ ಮೇಲೆ ಅವರು ಒಳಗೆ ಮಲಗುವುದನ್ನೇ ಬಿಟ್ಟಿದ್ದರು. ಬಂದವರೇ ಹೊಂಡದ ಮುಂದೆ ಕೂತು, ಸಾಲಾಗಿ ನಿಂತ ಮೀನುಗಳ ಬೆನ್ನುಗಳನ್ನು ಬಹಳ ಹೊತ್ತು ನೋಡಿದರು. "ಅಕ್ಕಾ, ಗಂಗವ್ವಗ ಅರಿಶಿಣ ಕುಂಕುಮ ಹಚ್ಚೂಣು. ಕೈ ಮುಗದು, ನೀರ ಕಣ್ಣಿಗಿ ಹಚ್ಚಿಕೊಂಡು ಕೇಳೂಣು," ಅಂದರು. ಅತ್ತೆ ತಟ್ಟೆ ತರಲು ಎದ್ದರು. ನೋಡಲು ಬಂದಿದ್ದ ಆಪಾ, ಪಂಪಿನ ವೈರು ಒಳಹೋಗುವ ಅಡುಗೆಮನೆಯ ಕಿಟಕಿಗೆ ಒರಗಿ ನಿಂತಿದ್ದರು.

ನಾನು ದಿನವೂ ಹೊಂಡದ ಕೆಲಸ ಮಾಡುವಾಗ ರಬ್ಬರ್ ಚಪ್ಪಲಿ ಹಾಕಿಕೊಂಡಿರುತ್ತಿದ್ದೆ. ಅಂದು ಪೂಜೆಯೆಂದು ಬಿಟ್ಟಿದ್ದೆ. ಅಂಚಿನ ನೆಲ ಒದ್ದೆಯಿತ್ತು. ನೀರಿನ ಮೇಲೆ ತೇಲುತ್ತಿದ್ದ ಬೇವಿನ ಎಲೆಗಳನ್ನು ತೆಗೆಯೋಣವೆಂದು ಕೈ ಚಾಚಿ ಬೆರಳ ತುದಿ ಅದ್ದಿದೆ.

ಕೆಂಜಿಗಗಳು ಒಟ್ಟಿಗೆ ಕಚ್ಚಿದ ಹಾಗೆ ಮೊಳಕೈಯವರೆಗೆ ಜುಮ್ಮೆಂದಿತು. ಕೈ ತಾನಾಗಿ ಹಿಂದಕ್ಕೆ ಸಿಡಿಯಿತು, ನಾನು ಹಿಮ್ಮುಖವಾಗಿ ಬಿದ್ದೆ. ಅಷ್ಟರಲ್ಲಿ ಅತ್ತೆಯ ತಂಗಿ ಎರಡೂ ಕೈ ಬೊಗಸೆ ಮಾಡಿ ಮುಂದೆ ಬಾಗುತ್ತಿದ್ದರು.

"ಮುಟ್ಟಬ್ಯಾಡ್ರಿ! ಕರೆಂಟ್! ಆಪಾ, ಪಿನ್ ಕೀಳ್ರಿ!"

ಅವರ ಸೆರಗು ಹಿಡಿದು ಜಗ್ಗಿದೆ, ಇಬ್ಬರೂ ಅಡ್ಡಬಿದ್ದೆವು. ಆಪಾ ಅಡುಗೆಮನೆಯ ಕಿಟಕಿಯೊಳಗೆ ಕೈ ಹಾಕಿ ಸ್ವಿಚ್ ಆರಿಸಿ, ಪಿನ್ನನ್ನೂ ಕಿತ್ತರು. ನೀರು ಬೀಳುವ ಸದ್ದು ನಿಂತಿತು.

ಮುಂದೆ ಕಂಡದ್ದನ್ನು ನಾಲ್ಕೂ ಹೆಂಗಸರು ನೋಡಿದೆವು. ಮೂಲೆಯ ಸಾಲು ಸಡಿಲವಾಯಿತು. ಒಂದು ಮೀನು ಹಿಂದಕ್ಕೆ ತಿರುಗಿತು, ಇನ್ನೊಂದು ತಿರುಗಿತು. ನಿಧಾನಕ್ಕೆ ಎಲ್ಲವೂ ಹೊಂಡದ ತುಂಬ ಹರಡಿಕೊಂಡು, ತಳದಲ್ಲಿ ಬಿದ್ದಿದ್ದ ಹಳೆಯ ಕಾಳನ್ನು ಹೆಕ್ಕತೊಡಗಿದವು. ಅತ್ತೆ ಅರಿಶಿಣದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಸಂಜೆ ಗಂಡ ಬಂದು ಪಂಪನ್ನು ಎತ್ತಿ ನೋಡಿದರು. ಅದಕ್ಕೆ ಸೇರುವ ವೈರಿನ ಹೊದಿಕೆ ಬಿಸಿಲಿಗೂ ನೀರಿಗೂ ಸೀಳಿ, ಒಳಗಿನ ತಂತಿ ಕೂದಲೆಳೆಯಷ್ಟು ಹೊರಗೆ ಕಾಣುತ್ತಿತ್ತು. ಮೀನುಗಳು ಪಂಪಿನಿಂದ ಎಷ್ಟು ದೂರ ಹೋಗಲು ಸಾಧ್ಯವೋ ಅಷ್ಟು ದೂರ ಹೋಗಿ ನಿಂತಿದ್ದವು. ನಾವು ಗೋಡೆಯ ಕಡೆ ನೋಡುತ್ತಿದ್ದೆವು, ಅವು ಬೆನ್ನು ಮಾಡಿದ್ದ ಕಡೆ ನೋಡಲಿಲ್ಲ. ನನ್ನ ಕೈಯ ಜುಮ್ಮು ಊಟದ ಹೊತ್ತಿಗೂ ಹೋಗಿರಲಿಲ್ಲ. ತುತ್ತು ಎತ್ತುವಾಗ ನೀರಿಗೆ ಬಾಗಿದ್ದ ಆ ಮುದುಕಿಯ ಬೊಗಸೆ ಕಣ್ಣ ಮುಂದೆ ಬಂದು, ಊಟ ಬಿಟ್ಟು ಎದ್ದೆ.

"ಹಂಗಾರ ಭೂಮಿ ನಡಗೂದಿಲ್ಲಂತೀ?" ಎಂದು ಮರುದಿನ ಬಸ್ ನಿಲ್ದಾಣಕ್ಕೆ ಹೊರಡುವಾಗ ಅತ್ತೆಯ ತಂಗಿ ಕೇಳಿದರು.

"ಅದು ನನಗ ಗೊತ್ತಿಲ್ರಿ."

"ಮತ್ತ ಅವತ್ತ ಮಳಿಗಾಲದಾಗ? ಅವತ್ತ ಹೆಂಗ ತಿಳೀತ ಅವಕ್ಕ?"

ಆ ಮಧ್ಯಾಹ್ನ ಕರೆಂಟೇ ಇರಲಿಲ್ಲ. ಅವರ ಚೀಲ ಎತ್ತಿಕೊಂಡು ಮುಂದೆ ನಡೆದೆ.

ಈಗ ಗಾಳಿ ಊದುವ ಸಣ್ಣ ಯಂತ್ರವೊಂದನ್ನು ಕಿಟಕಿಯೊಳಗೆ ಎತ್ತರದಲ್ಲಿಟ್ಟಿದ್ದೇವೆ. ಹೊಂಡದೊಳಗೆ ಇಳಿಯುವುದು ರಬ್ಬರ್ ನಳಿಕೆಯೊಂದೇ. ಗುಳ್ಳೆಗಳು ಏಳುವಾಗ ನೀರನ್ನೂ ಎಳೆದುಕೊಂಡು ಸಣ್ಣ ಡಬ್ಬಿಯೊಳಗಿನ ಕಡಿಯ ಮೂಲಕ ಹಾಯಿಸುತ್ತವೆ. ನೀರು ಮೊದಲಿನಷ್ಟು ತಿಳಿಯಿಲ್ಲ, ಹಸಿರುಮಿಶ್ರಿತ. ಮೀನುಗಳಿಗೆ ತೊಂದರೆ ಕಾಣದು. ಕೇಳಿಕೊಂಡು ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅಕ್ಕನ ಫೋನಿನಲ್ಲಿ ಈಗ ದ್ರಾಕ್ಷಿಯ ಮಾತೇ ಹೆಚ್ಚು.

ಹೋದ ತಿಂಗಳು ನಾನು ಬ್ಲೌಸಿನ ತೋಳಿಗೆ ಹೊಲಿಗೆ ಹಾಕುತ್ತಿದ್ದಾಗ ಮತ್ತೆ ನೆಲದೊಳಗೆ ಆ ಸದ್ದಾಯಿತು. ಕತ್ತರಿ ಮೇಜಿನಿಂದ ಜಾರಿತು. ಬೀದಿಯಲ್ಲಿ ಜನ ಕೂಗುತ್ತ ಹೊರಬಂದರು. ನಾನು ಬೀದಿಗೆ ಓಡಬೇಕಿತ್ತು. ಹಿತ್ತಲಿಗೆ ಓಡಿದೆ. ನೀರಿನ ಮೇಲ್ಮೈ ಜರಡಿಯಲ್ಲಿ ಅಲ್ಲಾಡಿಸಿದ ರವೆಯಂತೆ ಕಾಳು ಕಾಳಾಗಿ ನಿಂತು ನಡುಗುತ್ತಿತ್ತು. ಅದರ ಕೆಳಗೆ, ನಟ್ಟನಡುವೆ, ಮೀನುಗಳು ಏನೂ ಆಗಿಲ್ಲವೆಂಬಂತೆ ಈಜುತ್ತಿದ್ದವು. ಗೋಡೆಯ ನೆತ್ತಿಯಿಂದ ಸಣ್ಣಗೆ ಮಣ್ಣು ಉದುರಿ ನೀರಿಗೆ ಬಿತ್ತು. ಒಂದು ಮೀನು ಮೇಲೆ ಬಂದು ಅದನ್ನು ಬಾಯಿಗೆ ತೆಗೆದುಕೊಂಡು ಉಗುಳಿತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಏನಂತಾವ ಬೇ?"

"ಏನೂ ಅನ್ನವಲ್ಲವ್ರಿ."

"ಹಂಗಾರ ಹೊರಗ ನಡಿ," ಅಂದರು. ಅವರ ಕೈ ಹಿಡಿದುಕೊಂಡು ಬೀದಿಗೆ ಬಂದು ಜನರ ನಡುವೆ ನಿಂತೆ.