ಅಣ್ಣ ತಮ್ಮಂದಿರ ನಡುವಿನ ಬೇರು

ಕ್ಯಾಲ್ಡರ್ ಬೀದಿಯಲ್ಲಿ ಬೆಳಗಾಗುವುದು ಮೇಲಿನಿಂದ. ಎರಡೂ ಬದಿಯ ಎಲ್ಮ್ ಮರಗಳು ತಲೆ ಕೂಡಿಸಿ ನಿಂತಿರುವುದರಿಂದ ಬಿಸಿಲು ಮೊದಲು ಅವುಗಳ ನೆತ್ತಿಗೆ ಬಿದ್ದು, ಆಮೇಲೆ ಪುರುಸೊತ್ತಾದಾಗ ರಸ್ತೆಗಿಳಿಯುತ್ತದೆ. ಅಷ್ಟರೊಳಗೆ ಲೋರ್ನಾ ಡೆಮ್‌ಚುಕ್ ನಗರಸಭೆಯ ನೀರಿನ ಟ್ರಕ್ಕನ್ನು ಮೂಲೆಯಲ್ಲಿ ನಿಲ್ಲಿಸಿ, ಕತ್ತು ಹಿಂದಕ್ಕೆ ಚೆಲ್ಲಿ, ಒಂದೇ ಮರದ ತುದಿಯನ್ನು ನೋಡುತ್ತಿರುತ್ತಾರೆ. ಹುಡುಕುತ್ತಿರುವುದು ಹಳದಿ ಎಲೆಯನ್ನು. ಬೇಸಿಗೆಯ ನಡುವೆ ಎಲ್ಮ್ ಮರದ ತುದಿಯಲ್ಲಿ ಒಂದು ಕೊಂಬೆ ಬಾಡಿ ಹಳದಿಯಾಯಿತೆಂದರೆ ಆ ಮರದ ಕಥೆ ಬಹುಪಾಲು ಮುಗಿದಂತೆ.

ಈ ಮರದ ಹೆಸರು ಹ್ಯೂ. ಮೊದಲ ಮಹಾಯುದ್ಧಕ್ಕೆ ಹೋಗಿ ವಾಪಸು ಬರದ ಹುಡುಗರಿಗೆ, ಒಬ್ಬೊಬ್ಬರಿಗೆ ಒಂದೊಂದರಂತೆ, ಊರಿನವರು ನೆಟ್ಟ ಮರಗಳಿವು. ಹೆಸರು ಕೊರೆದ ತಗಡುಗಳು ಎಂದೋ ಉದುರಿಹೋದವು, ಹೆಸರುಗಳು ಬಾಯಲ್ಲಿ ಉಳಿದವು. "ನಿನ್ನೆ ಗಾಳೀಲಿ ವಾಲ್ಟರ್ ನಮ್ಮ ಕಾರಿನ ಗಾಜು ಒಡೆದ" ಎಂದು ಇಲ್ಲಿಯವರು ದೂರುವುದನ್ನು ಕೇಳಿದರೆ ಹೊಸಬರು ಪೊಲೀಸರನ್ನು ಕರೆದಾರು.

ಸಸ್ಕಾಚೆವಾನ್ ಬಯಲಿನ ಈ ಊರಿನಲ್ಲಿ ಮೂವತ್ತು ವರ್ಷದಿಂದ ಎಲ್ಮ್‌ಗಳನ್ನು ಕಾಯುತ್ತಿರುವವರು ಲೋರ್ನಾ. ಚಳಿಗಾಲದಲ್ಲಿ, ಉಸಿರು ರೆಪ್ಪೆಯ ಮೇಲೆ ಹೆಪ್ಪುಗಟ್ಟುವಾಗ, ಕ್ರೇನಿನ ತೊಟ್ಟಿಯಲ್ಲಿ ನಿಂತು ಒಣಕೊಂಬೆ ಸವರುತ್ತಾರೆ. ಬೇಸಿಗೆಯಲ್ಲಿ ಬಾಡಿದ ರೆಂಬೆಯ ತೊಗಟೆ ಸುಲಿದು ಒಳಗೆ ಎಲ್ಮ್ ಮರಗಳನ್ನು ಕೊಲ್ಲುವ ಶಿಲೀಂಧ್ರ ರೋಗದ ಕಂದುಗೆರೆ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಕಾಂಡಕ್ಕೆ ಕಿತ್ತಳೆ ಬಣ್ಣದ ಗುರುತು. ಗುರುತು ಬಿದ್ದ ಮರ ಉಳಿಯುವುದಿಲ್ಲ.

"ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಕಿತ್ತಳೆ ಬಣ್ಣದೋಳು ಬಂದ್ಲು ಅಂತಾರೆ ಅಷ್ಟೆ," ಎಂದು ನಗುತ್ತಾರೆ. "ಮಕ್ಕಳಂತೂ ನನ್ನ ಕಂಡ್ರೆ ಓಡಿಬಂದು ಮರಕ್ಕೆ ಅಡ್ಡ ನಿಲ್ತಾವೆ. ನಾನೇನು ರಾಕ್ಷಸೀನಾ?"

ಒಂದು ಕಾಲಕ್ಕೆ ಇದೇ ಬೀದಿಯಲ್ಲಿ ಅವರೂ ಮಗುವೇ. ಅಪ್ಪ ಇಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದರು. ಹಾಲಿನ ಗಾಡಿಯಲ್ಲಿ ಬಾಟಲಿಗಳ ನಡುವೆ ಕುಳಿತು ಲೋರ್ನಾ ಮೇಲೆ ನೋಡುತ್ತ ಬರುತ್ತಿದ್ದರು. ಹಸಿರು ಚಪ್ಪರ ಆಗ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಇತ್ತು, ಎಲ್ಲಿಯೂ ಆಕಾಶದ ತೂತಿರಲಿಲ್ಲ. ಅಪ್ಪ ಮಾತ್ರ ಆ ಮರಗಳನ್ನು ಹೊಗಳುತ್ತಿರಲಿಲ್ಲ.

ಲೋರ್ನಾ ಕಾರಣ ಹೇಳುತ್ತಾರೆ: "ಆ ಯುದ್ಧದಲ್ಲಿ ನಮ್ಮ ಮುತ್ತಜ್ಜನ್ನ ಶತ್ರು ದೇಶದೋನು ಅಂತ ಮುಳ್ಳುತಂತಿ ಒಳಗೆ ಕೂಡಿಹಾಕಿದ್ರು. ಉಕ್ರೇನಿನಿಂದ ಬಂದೋರು ನಾವು, ಆಗ ಅದು ಶತ್ರು ರಾಜ್ಯದ ಕೈಲಿತ್ತು. ಈ ಬೀದೀಲಿ ನಮ್ಮೋರ ಮರ ಒಂದೂ ಇಲ್ಲ. ನಾನು ನೋಡಿದ್ರೆ ದಿನಾ ಇವರ ಹುಡುಗರಿಗೆ ನೀರು ಹಾಕ್ತಿದೀನಿ. ಏನ್ ಮಾಡೋದು, ಹುಡುಗರ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗುತ್ತಾ?"

ಹ್ಯೂನ ಪಕ್ಕದಲ್ಲೇ ಕಳೆದ ವರ್ಷದವರೆಗೆ ಅಣ್ಣ ಅಲೆಕ್ ಇದ್ದ. ಉಳಿದ ಮರಗಳನ್ನೆಲ್ಲ ದೂರದೂರ ನೆಟ್ಟಿದ್ದರೆ ಈ ಎರಡು ಮಾತ್ರ ಭುಜಕ್ಕೆ ಭುಜ ತಾಗುವಂತೆ ಬೆಳೆದಿದ್ದವು. ನೆಡುವ ದಿನ ತಾಯಿ ಶ್ರೀಮತಿ ರೆನ್ನಿ ಹ್ಯೂನ ಗುರುತಿನ ಗೂಟವನ್ನು ಕಿತ್ತು ತಂದು ಅಲೆಕ್‌ನ ಹತ್ತಿರವೇ ಊರಿದರಂತೆ. "ಒಂದೇ ಮಂಚದಲ್ಲಿ ಮಲಗಿದೋರು. ಅಷ್ಟು ದೂರ ಇಟ್ರೆ ನಿದ್ದೆ ಬರಲ್ಲ ಅವಕ್ಕೆ," ಎಂದಾಗ ಗುಂಡಿ ತೋಡುತ್ತಿದ್ದವರು ಅಲ್ಲೇ ತೋಡಿದರು. ಗಂಡುಮಕ್ಕಳಿಬ್ಬರನ್ನೂ ಕಳೆದುಕೊಂಡವಳಿಗೆ ಅಳತೆ ಹೇಳುವ ಧೈರ್ಯ ಯಾರಿಗಿದ್ದೀತು?

ಆ ತಪ್ಪೇ ಕಳೆದ ಜುಲೈನಲ್ಲಿ ಮುಳುವಾಯಿತು. ಅಲೆಕ್‌ನ ತುದಿ ಹಳದಿಯಾಯಿತು. ಈ ಕಾಯಿಲೆ ಹರಡುವುದು ಜೀರುಂಡೆಯಿಂದ. ಆದರೆ ಹತ್ತಿರದ ಮರಗಳು ಮಣ್ಣಿನೊಳಗೆ ಬೇರು ಬೆಸೆದುಕೊಂಡಿದ್ದರೆ ಜೀರುಂಡೆಯೂ ಬೇಕಿಲ್ಲ, ನೀರಿನ ಜೊತೆಗೇ ಹರಿದುಹೋಗುತ್ತದೆ. ಅಲೆಕ್‌ನನ್ನು ಉರುಳಿಸುವ ಮೊದಲು ನಡುವಿನ ಬೇರುಗಳನ್ನು ಕತ್ತರಿಸಬೇಕು. ತಡವಾದಷ್ಟೂ ಹ್ಯೂ ಕೈಬಿಟ್ಟು ಹೋಗುತ್ತಾನೆ.

ಎದುರಿನ ಮನೆಯ ಆಗ್ನೆಸ್ ಮ್ಯಾಕ್‌ಫೀ ಆ ಹುಡುಗರ ತಂಗಿಯ ಮಗಳು. ವಯಸ್ಸು ತೊಂಬತ್ತರ ಹತ್ತಿರ. ಮಳೆಯಿಲ್ಲದ ವರ್ಷಗಳಲ್ಲಿ ಈ ಬೀದಿಯ ಹೆಂಗಸರು ಪಾತ್ರೆ ತೊಳೆದ ನೀರನ್ನೂ ಕೆಟಲಿನಲ್ಲಿ ಉಳಿದ ಚಹಾವನ್ನೂ ಮರದ ಬುಡಕ್ಕೆ ಸುರಿಯುತ್ತಿದ್ದರು. ಉಳಿದ ಮನೆಗಳಲ್ಲಿ ಮರೆತುಹೋದ ಈ ಪದ್ಧತಿ ಆಗ್ನೆಸ್‌ರ ಮನೆಯಲ್ಲಿ ಒಂದು ದಿನವೂ ತಪ್ಪಿಲ್ಲ.

"ನೀನು ಮೆಟ್ಟಿಲು ಹತ್ತಿದ್ರೆ ಕೆಟ್ಟ ಸುದ್ದೀನೇ ಕಣೇ," ಎಂದು ಅವರು ಲೋರ್ನಾರನ್ನು ಬಾಗಿಲಲ್ಲೇ ಎದುರುಗೊಂಡರು. ಅಲೆಕ್ ಹೋಗಬೇಕು ಎಂಬುದನ್ನು ತಡೆದುಕೊಂಡರು. ಬೇರಿನ ಮಾತು ಬಂದಾಗ ಮುಖ ಗಂಟಾಯಿತು. "ಅಜ್ಜಿ ಕೂಡಿಸಿಟ್ಟಿದ್ದನ್ನ ನಿನ್ನ ಕೈಲಿ ಕತ್ತರಿಸ್ತೀಯಾ? ಕಡಿಯೋದಿದ್ರೆ ಇಬ್ರನ್ನೂ ಕಡಿ. ಒಟ್ಟಿಗೆ ಹೋಗ್ಲಿ."

ನಗರಸಭೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಮೇಲಧಿಕಾರಿ ಎರಡು ಸಲ ಫೋನು ಮಾಡಿ, ಸುಮ್ಮನೆ ಮುಗಿಸಿ ಬಾ ಎಂದರು. ಲೋರ್ನಾ ಜಗ್ಗಲಿಲ್ಲ. ದಿನವೂ ಹೋಗಿ ಆಗ್ನೆಸ್‌ರ ಜಗಲಿಯಲ್ಲಿ ಕುಳಿತರು, ಕೊಟ್ಟ ಹಣ್ಣಿನ ಪೈ ತಿಂದರು, ಹ್ಯೂನ ತುದಿಯನ್ನು ಕದ್ದು ನೋಡುತ್ತ ಒಳಗೊಳಗೇ ಕುದಿದರು. "ಆ ವಾರ ನಿದ್ದೆ ಮಾಡಿದ್ರೆ ಕೇಳಿ. ಆದ್ರೆ ಅವ್ರು ಮಲಗಿದ್ದಾಗ ಹೋಗಿ ಕತ್ತರಿಸಿಬಂದ್ರೆ ಆಮೇಲೆ ಅವ್ರ ಮುಖ ಹೆಂಗೆ ನೋಡ್ಲಿ?"

ಒಂದು ಸಂಜೆ ಆಗ್ನೆಸ್ ತಾವಾಗಿಯೇ ಬಾಯಿಬಿಟ್ಟರು. "ಹ್ಯೂಗೆ ಸೈನ್ಯ ಸೇರೋ ವಯಸ್ಸೇ ಆಗಿರ್ಲಿಲ್ಲ. ಅಣ್ಣ ಯುದ್ಧಕ್ಕೆ ಹೋದ ಅಂತ ತಾನೂ ಸುಳ್ಳು ವಯಸ್ಸು ಹೇಳಿ ಹಿಂದೇನೇ ಓಡ್ದ. ಅಜ್ಜಿ ಸಾಯೋವರೆಗೂ ಒಂದೇ ಮಾತು: ಬಾಗಿಲಲ್ಲಿ ಅವನ ಕೋಟು ಹಿಡ್ಕೊಂಡಿದ್ದೆ, ಬಿಟ್ಬಿಟ್ಟೆ, ಅಂತ." ಆಮೇಲೆ ಆಗ್ನೆಸ್ ಲೋರ್ನಾರ ತೋಳು ಹಿಡಿದರು. "ಈ ಸಲ ಬಿಡ್ಬೇಡ. ಅಣ್ಣನ ಹಿಂದೆ ಹೋಗೋಕೆ ಬಿಡ್ಬೇಡ ಅವನ್ನ."

ಮರುದಿನ ಬೆಳಕು ಹರಿಯುವಾಗಲೇ ಲೋರ್ನಾ ಗುದ್ದಲಿ ಹಿಡಿದಿದ್ದರು. ಎರಡು ಮರಗಳ ನಡುವೆ ಯಂತ್ರ ನುಗ್ಗುವಷ್ಟು ಜಾಗವೇ ಇರಲಿಲ್ಲ. ಮಂಡಿಯೂರಿ ಕೈಯಿಂದಲೇ ಕಂದಕ ತೋಡಿದರು. ಬೇರುಗಳು ತೊಡೆಗಾತ್ರ, ಯಾವುದು ಯಾರದು ಎಂದು ತಿಳಿಯದಂತೆ ಒಂದಾಗಿದ್ದವು. ಗರಗಸ ಎಳೆಯುತ್ತ ಅತ್ತದ್ದನ್ನು ಲೋರ್ನಾ ಮುಚ್ಚಿಡುವುದಿಲ್ಲ. ಆಗ್ನೆಸ್ ಶಾಲು ಹೊದ್ದು ಕೊನೆಯವರೆಗೂ ಪಕ್ಕದಲ್ಲೇ ನಿಂತಿದ್ದು, ಕಂದಕ ಮುಚ್ಚುವ ಮೊದಲು ಕೆಟಲಿನ ಚಹಾವನ್ನು ಎರಡೂ ಕಡೆಗೆ ಸುರಿದರು.

ಅಲೆಕ್ ಇದ್ದ ಕಡೆ ಈಗ ಈ ಕಾಯಿಲೆಯನ್ನು ತಡೆದುಕೊಳ್ಳುವ ಜಾತಿಯ ಎಲ್ಮ್ ಸಸಿಯೊಂದಿದೆ. ಅದರ ಹೆಸರೂ ಅಲೆಕ್. ಬುಡ ತೆಗೆದ ಹಳೆಯ ಜಾಗದಿಂದ ತುಸು ಆಚೆಗೆ ನೆಟ್ಟಿದ್ದಾರೆ. ಹೆಚ್ಚು ದೂರ ಇಡಲು ಆಗ್ನೆಸ್ ಬಿಡಲಿಲ್ಲ. ಲೋರ್ನಾ ಪೈಪು ಹಿಡಿದು ಅದಕ್ಕೆ ನೀರು ಬಿಡುತ್ತಾರೆ.

"ಬೇರು ಮತ್ತೆ ಕೂಡ್ಕೊಳ್ತಾವೆ, ಬೇಡ ಅಂದ್ರೂ ಬಿಡಲ್ಲ. ಅಷ್ಟೊತ್ತಿಗೆ ನಾನು ನಿವೃತ್ತಿ ಆಗಿರ್ತೀನಿ, ಬಚಾವಾದೆ. ಇನ್ನೊಂದು ಸಲ ಇವರಿಬ್ರ ಮಧ್ಯೆ ಗರಗಸ ಹಿಡಿಯೋ ಕೆಲಸ ಮಾತ್ರ ಯಾರಿಗೂ ಬರದೇ ಇರ್ಲಿ."

ಬಿಸಿಲು ಈಗ ರಸ್ತೆಗಿಳಿದಿದೆ. ಎದುರು ಜಗಲಿಯ ಬಾಗಿಲು ತೆರೆದು ಆಗ್ನೆಸ್ ಕೆಟಲ್ ಹಿಡಿದು ನಿಲ್ಲುತ್ತಾರೆ. ಅವರ ಕಣ್ಣು ಮಂಜಾಗಿದೆ, ತುದಿಯ ಎಲೆ ಕಾಣುವುದಿಲ್ಲ. ಹಾಗಾಗಿ ದಿನವೂ ಕೂಗಿ ಕೇಳುತ್ತಾರೆ.

"ಲೋರ್ನಾ! ನಮ್ಮ ಹುಡುಗ ಹೇಗಿದಾನೆ?"

ಲೋರ್ನಾ ಇನ್ನೊಮ್ಮೆ ಕತ್ತೆತ್ತಿ, ಕೊನೆಯ ರೆಂಬೆಯವರೆಗೂ ನೋಡಿ, ಆಮೇಲೆಯೇ ಉತ್ತರಿಸುತ್ತಾರೆ.

"ಮನೇಲೇ ಇದಾನೆ, ಮಿಸೆಸ್ ಮ್ಯಾಕ್‌ಫೀ. ಎಲ್ಲೂ ಹೋಗಿಲ್ಲ."