ಪರದೆಯ ಮುಂದಿನ ಗೊಲ್ಲಾಳಪ್ಪ

ಎಂಟು ತಿಂಗಳು ತುಂಬಿದರೂ ಮಗ ನಕ್ಕಿರಲಿಲ್ಲ. ಈ ಒಂದು ಚಿಂತೆ ಶಶಿಕಲಾಳಿಗೆ ಅನ್ನದೊಳಗಿನ ಹರಳಿನಂತೆ ಹೊತ್ತುಹೊತ್ತಿಗೂ ಹಲ್ಲಿಗೆ ಸಿಗುತ್ತಿತ್ತು. ಧಾರವಾಡದಲ್ಲಿ ಓದಿದವಳು; ಮಗು ಯಾವ ತಿಂಗಳಿಗೆ ಕತ್ತು ನಿಲ್ಲಿಸಬೇಕು, ಯಾವ ತಿಂಗಳಿಗೆ ನಗಬೇಕು ಎಂಬುದನ್ನೆಲ್ಲ ಬಸಿರಿದ್ದಾಗಲೇ ಓದಿ ಬಾಯಿಪಾಠ ಮಾಡಿಕೊಂಡವಳು. ಚೆನ್ನು ಕತ್ತು ನಿಲ್ಲಿಸಿದ, ಮಗ್ಗಲು ಹೊರಳಿದ, ಗೋಡೆಗೆ ಆತು ಕೂತ. ನಗುವ ಮಾತು ಬಂದಾಗ ಮಾತ್ರ ಹೊಸದಾಗಿ ವರ್ಗವಾಗಿ ಬಂದ ತಹಶೀಲ್ದಾರನ ಹಾಗೆ ಎದುರಿಗಿದ್ದವರನ್ನು ದಿಟ್ಟಿಸಿ ನೋಡಿ ಸುಮ್ಮನಾಗುತ್ತಿದ್ದ.

ಬೇರೆ ಮನೆಯಲ್ಲಾಗಿದ್ದರೆ ಇದು ಇಷ್ಟು ಎದ್ದು ಕಾಣುತ್ತಿರಲಿಲ್ಲವೇನೋ. ಮಗುವಿನ ಅಜ್ಜ ಗೊಲ್ಲಾಳಪ್ಪ. ಶಹಾಬಾದದಿಂದ ಚಿಂಚೋಳಿಯ ತನಕ ನಾಟಕದ ಹುಚ್ಚಿರುವ ಯಾವ ಊರಿಗೆ ಹೋದರೂ ಆ ಹೆಸರು ಕೇಳುತ್ತಲೇ ಜನರ ತುಟಿಗಳು ಬಿಚ್ಚಿಕೊಳ್ಳುತ್ತಿದ್ದವು. ಓಣಿಯ ಹೆಂಗಸರಿಗೆ ಇದಕ್ಕಿಂತ ಬೇರೆ ಮಾತೇ ಬೇಕಾಗಿರಲಿಲ್ಲ. ಊರು ನಗಿಸುವವನ ಮೊಮ್ಮಗ ನಗುವುದಿಲ್ಲವಂತೆ, ಅಜ್ಜ ಇವನ ಪಾಲಿನದನ್ನೂ ಖರ್ಚು ಮಾಡಿಬಿಟ್ಟಿದ್ದಾನೆ ಎಂದು ನಳದ ಹತ್ತಿರ ಕೊಡ ಇಟ್ಟುಕೊಂಡು ಆಡಿಕೊಳ್ಳುತ್ತಿದ್ದರು. ಡಾಕ್ಟರರ ಬಳಿಗೂ ಒಯ್ದದ್ದಾಯಿತು. ಜೊತೆಗೆ ಮಾವ ಬಂದದ್ದೇ ತಪ್ಪಾಯಿತು. ಡಾಕ್ಟರು ಮಗುವಿನ ಎದೆಗೆ ನಳಿಗೆ ಇಟ್ಟವರು ತಲೆಯೆತ್ತಿ ಗೊಲ್ಲಾಳಪ್ಪನನ್ನು ನೋಡಿದರು. ಸೇಡಮಿನಲ್ಲಿ ಕಂಡಿದ್ದ ಯಾವುದೋ ಸೀನು ನೆನಪಾಗಿ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ಮಗು ಅವರನ್ನೂ ದಿಟ್ಟಿಸಿ ನೋಡಿತು. ಏನೂ ಆಗಿಲ್ಲ, ಹುಡುಗ ಗಟ್ಟಿ ಇದ್ದಾನೆ ಎಂದು ಕಣ್ಣೊರೆಸಿಕೊಳ್ಳುತ್ತಲೇ ಹೇಳಿ ಕಳಿಸಿದರು. ನಗುತ್ತ ಹೇಳಿದ ಮಾತನ್ನು ನಂಬುವುದು ಹೇಗೆ ಎಂದು ಶಶಿಕಲಾ ದಾರಿಯುದ್ದಕ್ಕೂ ಕೊರಗಿದಳು.

ಗೊಲ್ಲಾಳಪ್ಪ ಹುಟ್ಟಿದ್ದು ಕಾಗಿಣಾ ದಂಡೆಯ ದಂಡೋತಿಯಲ್ಲಿ. ಹರೆಯದಲ್ಲೇ ಶಹಾಬಾದಕ್ಕೆ ಬಂದು ಅಬ್ದುಲ್ ಮಜೀದರ ಕಲ್ಲಿನ ಪಾಲಿಶ್ ಯಾರ್ಡಿನಲ್ಲಿ ಫರಸಿ, ಅಂದರೆ ಹಾಸುಗಲ್ಲು, ಅಳೆಯುವ ಕೆಲಸಕ್ಕೆ ನಿಂತ. ಕೈಯಲ್ಲಿ ಫೂಟುಪಟ್ಟಿ, ಕಿವಿಯ ಮೇಲೆ ಸೀಮೆಸುಣ್ಣ. ಅವನು ಹಾಸ್ಯಗಾರನಾದದ್ದು ಬೇಕೆಂದು ಅಲ್ಲ. ಊರಿನ ನಾಟಕದಲ್ಲಿ ಮೊದಲ ಸಲ ಮಂತ್ರಿಯ ಪಾರ್ಟು ಸಿಕ್ಕಿತ್ತು. ರಾಜ ಸತ್ತಾಗ ಮಂತ್ರಿ ಅಳಬೇಕು. ಗೊಲ್ಲಾಳಪ್ಪ ಮನಸ್ಸು ಬಿಚ್ಚಿ, ಮೂಗು ಸೋರಿಸಿಕೊಂಡು ನಿಜವಾಗಿಯೇ ಅತ್ತ. ಮೊಳದುದ್ದದ ಆ ಮುಖ, ಅದರಲ್ಲಿ ಕುಣಿಯುವ ಆ ಹುಬ್ಬು! ಮಂದಿ ಬಿದ್ದು ಬಿದ್ದು ನಕ್ಕರು. ಸತ್ತ ರಾಜನ ಹೊಟ್ಟೆಯೂ ಅಲುಗಿತು. ಹಾರ್ಮೋನಿಯಂ ನುಡಿಸುತ್ತ ನಾಟಕ ಕಲಿಸುವ ಪೇಟಿ ಮಾಸ್ತರ ಅಂದೇ ತೀರ್ಪು ಕೊಟ್ಟ. ಈ ಮುಖಕ್ಕೆ ಅಳು ಒಗ್ಗುವುದಿಲ್ಲ, ಇನ್ನು ಮುಂದೆ ನೀನು ಹಾಸ್ಯ.

ಹಾಸ್ಯಗಾರನೇ ಬರಹಗಾರನೂ ಆದದ್ದು ಪರದೆಯ ಕೃಪೆಯಿಂದ. ಈ ಕಡೆಯ ನಾಟಕಗಳಲ್ಲಿ ಹಾಸ್ಯದ ಸೀನನ್ನು ಕವಿ ಬರೆಯುವ ಪದ್ಧತಿಯಿಲ್ಲ. ಪುಸ್ತಕದಲ್ಲಿ ‘ಇಲ್ಲಿ ಹಾಸ್ಯ’ ಎಂದಷ್ಟೇ ಇರುತ್ತದೆ. ಮುಂದಿನ ಪರದೆ ಇಳಿಬಿಟ್ಟು ಅದರ ಹಿಂದೆ ಅರಮನೆ ಕಿತ್ತು ಅಡವಿ ಕಟ್ಟುವ ತನಕ ಹಾಸ್ಯಗಾರ ಪರದೆಯ ಮುಂದೆ ನಿಂತು ತನಗೆ ತೋಚಿದ್ದನ್ನು ಆಡಬೇಕು. ಅಡವಿ ಸಿದ್ಧವಾದರೆ ಹಿಂದಿನಿಂದ ಬೆನ್ನಿಗೊಂದು ಬೆರಳು ತಿವಿಯುತ್ತದೆ. ಆಗದಿದ್ದರೆ ಅಂಗಿ ಹಿಡಿದು ಜಗ್ಗುತ್ತಾರೆ, ಇನ್ನೂ ಎಳಿ ಎಂದು. ಸೇಡಮಿನ ಕಡೆ ಹೋದಾಗ ತೆಲುಗು ಬೆರೆಸಿ, ವಾಡಿಯಲ್ಲಿ ರೈಲಿನವರ ಮಾತು ಸೇರಿಸಿ ಗೊಲ್ಲಾಳಪ್ಪ ಎಳೆಯುತ್ತಿದ್ದ. ಒಮ್ಮೆ ಚಿಂಚೋಳಿಯಲ್ಲಿ ನಾಯಕನ ಪಾರ್ಟಿನವನು ಬಸ್ಸು ತಪ್ಪಿಸಿಕೊಂಡಾಗ ಇವನು, ಜಗ್ಗಿದ ಅಂಗಿ ಹರಿಯುವ ತನಕ ಎಳೆಯಬೇಕಾಯಿತು. ಆವತ್ತು ಅವನ ಬಾಯಿಂದ ಗಂಡ ಹೆಂಡತಿ ಅತ್ತೆ ಸಾಹುಕಾರ ಎಲ್ಲ ಇರುವ ಒಂದಿಡೀ ಕಥೆಯೇ ಇಳಿಯಿತು. ಮರುದಿನ ಯಾರ್ಡಿನಲ್ಲಿ ಕೂತು ಅದನ್ನು ಬರೆದಿಟ್ಟ.

ಅಲ್ಲಿಂದ ಕೈ ನಿಲ್ಲಲಿಲ್ಲ. ಹಗಲು ಫರಸಿ, ಸಂಜೆ ತಾಲೀಮು, ನಡುವೆ ಸಿಕ್ಕ ಹೊತ್ತಿನಲ್ಲಿ ಬರಹ. ಅವನ ನಗೆ ಸೀನುಗಳ ಎರಡು ಪುಸ್ತಕಗಳು ಗದಗಿನಲ್ಲಿ ಅಚ್ಚಾಗಿ, ನಾಲಗೆ ಚಾಚಿದ ಅವನದೇ ಫೋಟೋ ಹೊತ್ತು, ವಾಡಿ ಸ್ಟೇಷನ್ನಿನಲ್ಲಿ ಶೇಂಗಾ ಪೊಟ್ಟಣದ ಪಕ್ಕ ಮಾರಾಟವಾಗುತ್ತಿದ್ದವು. ಅದೇ ಸ್ಟೇಷನ್ನಿನಲ್ಲಿ ಟಿಕೆಟು ನೋಡುವ ನೌಕರಿಗಿದ್ದ ಮಗ ಸಂಗಣ್ಣ, ಶಶಿಕಲಾಳ ಗಂಡ, ಪ್ರಯಾಣಿಕರಿಗೆ ತಾನು ಗೊಲ್ಲಾಳಪ್ಪನ ಮಗನೆಂದು ಹೇಳುತ್ತಿರಲಿಲ್ಲ. ಹೇಳಿದರೆ ಟಿಕೆಟು ತೋರಿಸುವುದು ಬಿಟ್ಟು ನಗುತ್ತ ನಿಲ್ಲುತ್ತಾರೆ ಎಂದು ಅವನ ದೂರು.

ಗೊಲ್ಲಾಳಪ್ಪನ ಹೆಂಡತಿ ಹಣಮಮ್ಮ ಅವನ ನಾಟಕಗಳಿಗೆ ಹೋಗುತ್ತಿರಲಿಲ್ಲ. ಮನೆಯಲ್ಲಿ ಪುಕ್ಕಟೆ ನೋಡುತ್ತಿದ್ದೇನೆ, ಚಾಪೆ ಹೊತ್ತುಕೊಂಡು ಬೇರೆ ಹೋಗಬೇಕೇ ಎನ್ನುತ್ತಿದ್ದಳು.

ಹೀಗಿರುವಾಗ ಅವನೊಂದು ಅಳುವ ನಾಟಕ ಬರೆದ. ‘ಕಲ್ಲಿನೊಳಗಿನ ನೀರು ಅರ್ಥಾತ್ ಬಾಯಿಬಿಡದ ತಾಯಿ’. ಕಲ್ಲುಗಣಿಯ ಒಬ್ಬ ವಿಧವೆ ಬೇರೆ ಯಾರದೋ ಕೂಸನ್ನು ಸಾಕುತ್ತಾಳೆ, ತಾನು ಹೆತ್ತವಳಲ್ಲ ಎಂಬುದನ್ನು ಸಾಯುವ ತನಕ ಹೇಳುವುದಿಲ್ಲ. ಅದರಲ್ಲಿ ಗೊಲ್ಲಾಳಪ್ಪನಿಗೆ ಪಾರ್ಟಿರಲಿಲ್ಲ. ತನ್ನ ಮುಖ ಕಂಡರೆ ಕೆಟ್ಟಿತು ಎಂದು ಅವನೇ ಬೇಡವೆಂದಿದ್ದ. ಭಂಕೂರದಲ್ಲಿ ಮೊದಲ ಪ್ರಯೋಗ. ಪಾಠ ಎತ್ತಿಕೊಡುವವನ ಗಂಟಲು ಕಟ್ಟಿದ್ದರಿಂದ ಅವನ ಬದಲು ಗೊಲ್ಲಾಳಪ್ಪನೇ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತ. ಹಳ್ಳಿಯ ನಾಟಕದಲ್ಲಿ ಪಾಠ ಎತ್ತಿಕೊಡುವುದೆಂದರೆ ಪಿಸುಮಾತಲ್ಲ. ಪ್ರತಿ ಮಾತೂ ಮೊದಲು ಒಳಗಿನಿಂದ, ಆಮೇಲೆ ಪಾತ್ರದ ಬಾಯಿಂದ, ಎರಡೆರಡು ಸಲ ಕೇಳುತ್ತದೆ. ತಾಯಿ ಸಾಯುವ ಹೊತ್ತು ಬಂತು. ‘ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ ಮಗನೇ, ನನ್ನ ಉಸಿರಿನಲ್ಲಿ ಹುಟ್ಟಿದೆ’ ಎಂದು ಗೊಲ್ಲಾಳಪ್ಪ ಒಳಗಿನಿಂದ ಎತ್ತಿಕೊಟ್ಟ. ಮುಂದಿನ ಸಾಲಿನಲ್ಲಿ ಯಾರಿಗೋ ದನಿಯ ಗುರುತು ಹತ್ತಿತು. ಏ, ಗೊಲ್ಲಾಳಪ್ಪ ಒಳಗ ಅದಾನಲೇ ಎಂದ. ಆಮೇಲೆ ನಗೆಯೋ ನಗೆ. ಪಾಪ, ಸಾಯುತ್ತಿದ್ದ ತಾಯಿ ಸಾಯಲಾರದೆ ಎದ್ದು ಒಳಗೆ ಹೋದಳು.

ಅಂದಿನಿಂದ ಅವನು ಆ ನಾಟಕದ ಮಾತೆತ್ತಲಿಲ್ಲ. ಗದಗಿನ ಅಚ್ಚುಕೂಟದವರು ಅದನ್ನು ಅಚ್ಚು ಹಾಕಲು ಒಪ್ಪಿದಾಗ ಮಾತ್ರ ಒಂದು ಶರತ್ತು ಹಾಕಿದ. ಲೇಖಕರ ಹೆಸರು ಪ್ರೊಫೆಸರ್ ವಿಮಲಾನಂದ, ಎಂ.ಎ. ಎಂದಿರಬೇಕು. ಧಾರವಾಡದ ಅಕ್ಷರ ಚಂದ ಎಂದು ಶುದ್ಧ ಪ್ರತಿ ಮಾಡಲು ಕೊಟ್ಟಿದ್ದು ಶಶಿಕಲಾಳಿಗೇ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದವಳು ಹೆಸರಿನ ಹತ್ತಿರ ಬಂದು ನಿಂತಳು.

“ಎಂ.ಎ. ಯಾಕ್ರಿ ಮಾವಾರ?”

“ಅಳಸಾಕ ಡಿಗ್ರಿ ಬೇಕವ್ವಾ. ನಗಸಾಕ ಬ್ಯಾಡ.”

ನಿಮ್ಮ ಹೆಸರನ್ನು ನೀವೇ ಅಳಿಸಿಕೊಳ್ಳುವುದೇ ಎಂದು ಅವಳು ಕೇಳಿದಾಗ, ಮೈಸೂರು ಹೋಗಿ ಕರ್ನಾಟಕ ಆಗಿ ವರ್ಷ ತುಂಬಿತು, ಇಡೀ ರಾಜ್ಯವೇ ಹೆಸರು ಬದಲಿಸಿಕೊಂಡಿದೆ, ಫರಸಿ ಅಳೆಯುವವನು ಬದಲಿಸಿಕೊಂಡರೆ ಯಾರ ಗಂಟು ಹೋಯಿತು ಎಂದು ಹುಬ್ಬು ಕುಣಿಸಿದ. ಶಶಿಕಲಾಳಿಗೆ ನಗು ಬಂತು. ನಕ್ಕ ಮೇಲೆ ತಪ್ಪು ಮಾಡಿದಂತಾಯಿತು. ಈ ಹೆಸರಿನ ಚಿಂತೆಯೂ ಮಗನ ಚಿಂತೆಯ ಪಕ್ಕದಲ್ಲೇ ಬಂದು ಕುಳಿತಿತು.

ಯಾರ್ಡಿಗೆ ಶುಕ್ರವಾರ ರಜೆ. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಅವಳು ನಳದಿಂದ ನೀರು ತಂದಾಗ ಒಳಗೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ಬಾಗಿಲ ಸಂದಿಯಿಂದ ನೋಡಿದಳು. ಗೊಲ್ಲಾಳಪ್ಪ ಮಗುವನ್ನು ಎದುರಿಗೆ ಕೂರಿಸಿಕೊಂಡು ನಾಟಕ ಓದುತ್ತಿದ್ದ. ಮುಖದಲ್ಲಿ ಕುಣಿತವಿಲ್ಲ, ಹುಬ್ಬು ಅಲುಗುತ್ತಿಲ್ಲ. ಚೆನ್ನು ಬಾಯಿ ಅರ್ಧ ತೆರೆದು, ಅಜ್ಜನ ತುಟಿಯಿಂದ ಕಣ್ಣು ಕೀಳದೆ ಕೇಳುತ್ತಿದ್ದ. ತಾಯಿಯ ಕೊನೆಯ ಮಾತಿನ ಹತ್ತಿರ ಗೊಲ್ಲಾಳಪ್ಪನ ದನಿ ಒಡೆಯಿತು. ಆ ಮಾತನ್ನು ಶಶಿಕಲಾ ತನ್ನ ಕೈಯಾರೆ ಬರೆದಿದ್ದಳು; ಆಗ ಅವಳಿಗೆ ಹಾಲು ಉಕ್ಕೀತೆಂಬ ಧ್ಯಾನ. ಈಗ ಕಂಕುಳಲ್ಲಿ ಕೊಡ ಇದ್ದಂತೆಯೇ ಕಣ್ಣು ತುಂಬಿ ಹರಿಯಿತು.

ಅವಳನ್ನು ಕಂಡು ಗೊಲ್ಲಾಳಪ್ಪ ಕಳ್ಳನ ಹಾಗೆ ಹಾಳೆಗಳನ್ನು ಮಡಚಿದ.

“ನನ್ನ ಮಾತು ನಗಲಾರದ ಕೇಳಾಂವ ಈ ಜಿಲ್ಲಾದಾಗ ಇಂವ ಒಬ್ಬನ ನೋಡವ್ವಾ,” ಎಂದ. “ನೀ ಇವನ್ನ ಡಾಕ್ಟರ್ ಕಡಿ ಒಯ್ತಿ.”

ಸಂಜೆಗೆ ಮಜೀದರ ಮನೆಯಿಂದ ಸುದ್ದಿ ಬಂತು. ರಜೆಯಾದರೂ ಲೆಕ್ಕ ನೋಡಲು ಮಜೀದರು ಯಾರ್ಡಿನ ಆಫೀಸಿಗೆ ಹೋದಾಗ ಗದಗಿನವರು ಫೋನ್ ಮಾಡಿದ್ದರಂತೆ; ಒಳಗಿನ ಪುಟಗಳೆಲ್ಲ ಮುಗಿದಿವೆ, ಶನಿವಾರ ಮಧ್ಯಾಹ್ನ ಮುಖಪುಟ ಮಷಿನ್ನಿಗೆ ಹೋಗುತ್ತದೆ. ಒಮ್ಮೆ ಅಚ್ಚಾಯಿತೆಂದರೆ ಆ ನಾಟಕ ಎಂದೆಂದಿಗೂ ಪ್ರೊಫೆಸರ್ ವಿಮಲಾನಂದರದೇ. ಶಶಿಕಲಾಳಿಗೆ ತಡೆಯಲಾಗಲಿಲ್ಲ. ಮಾವ ಊಟಕ್ಕೆ ಕೂತಾಗ ರೊಟ್ಟಿ ಹಾಕುತ್ತ, ಹೆಸರು ಬದಲಿಸಬೇಡಿ, ನಿಮ್ಮ ದನಿ ಕೇಳಿ ನಾನು ಅತ್ತಿದ್ದೇನೆ ಎಂದಳು.

“ನೀ ಹಾಲು ಒಡದ್ರೂ ಅಳತಿ,” ಎಂದ ಗೊಲ್ಲಾಳಪ್ಪ. “ನಿನ್ನ ಸಾಕ್ಷಿ ನಡ್ಯಂಗಿಲ್ಲ.”

ಮಾತು ನಿಜವಾದ್ದರಿಂದ ಅವಳು ಇನ್ನೊಂದು ರೊಟ್ಟಿ ತರಲು ತಿರುಗಿದಳು. ಆಗ ಒಲೆಯ ಮುಂದೆ ಕೂತಿದ್ದ ಹಣಮಮ್ಮ, ಬೆನ್ನು ತಿರುಗಿಸದೆಯೇ ಮಾತಾಡಿದಳು.

“ಭಂಕೂರದಾಗ ನಕ್ಕವರು ಮುಂದಿನ ಮೂರು ಸಾಲಿನ ಗಂಡಸರು. ಹಗ್ಗದ ಹಿಂದ ಹೆಂಗಸರು ಕುಂತಿದ್ರು. ಅವ್ರಿಗೂ ನಿನ್ನ ದನಿ ಗುರುತು ಹತ್ತಿತ್ತು. ಗುರುತು ಹತ್ತಿದ ಮ್ಯಾಲೇ ಅವರು ಸೆರಗು ಬಾಯಾಗ ಇಟ್ಕೊಂಡು ಅತ್ತಾರ.”

ಗೊಲ್ಲಾಳಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ನಿನಗ್ಯಾರ ಹೇಳಿದ್ರು?”

“ಯಾರ ಹೇಳಬೇಕು? ಅವರ ನಡಬರಕ ನಾನೂ ಕುಂತಿದ್ದೆ.”

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ನೀನು ಯಾವತ್ತು ಕೇಳಿದೆ ಎಂದಳು ಹಣಮಮ್ಮ. ಹೇಳಿದ್ದರೆ ನೀನು ನನ್ನ ತಲೆಯ ಮೇಲೆ ಹತ್ತಿ ಕೂರುತ್ತಿದ್ದೆ ಎಂದೂ ಸೇರಿಸಿದಳು. ಪರದೆಯ ಮರೆಯಲ್ಲಿದ್ದವನಿಗೆ ಮುಂದಿನ ಸಾಲು ಮಾತ್ರ ಕೇಳಿಸಿತ್ತು; ಹಿಂದಿನ ಸಾಲಿನ ಅಳು ಅಲ್ಲಿಯ ತನಕ ಮುಟ್ಟಿರಲಿಲ್ಲ. ಅದು ಮನೆ ಮುಟ್ಟಲು ಇಷ್ಟು ದಿನ ಹಿಡಿಯಿತು. ಅವನು ತುತ್ತನ್ನು ತಿರುಗಿ ತಟ್ಟೆಗಿಟ್ಟ. ಸೊಸೆಯ ಕಡೆ ನೋಡಿ, ಬರೆದು ಹಾಕಿದರೆ ಟಪಾಲು ಮುಟ್ಟುವ ಹೊತ್ತಿಗೆ ಅಚ್ಚು ಮುಗಿದಿರುತ್ತದೆ, ಫೋನೇ ಆಗಬೇಕು ಎಂದ.

“ನಾ ಮಾಡಂಗಿಲ್ಲ. ನನ್ನ ದನಿ ಕೇಳಿದ್ರ ಚಾಷ್ಟಿ ಅಂತ ತಿಳಕೊಂಡು ನಕ್ಕು ಇಟ್ಟಬಿಡತಾರ. ನೀ ಮಾಡು.”

ಶಶಿಕಲಾಳ ಬುದ್ಧಿಯಲ್ಲಿ ಫೋನೆಂದರೆ ಸಾವಿನ ಸುದ್ದಿ. ತವರಿನ ನೆರೆಮನೆಯ ಫೋನು ಅವರಿಗಾಗಿ ರಿಂಗಾದದ್ದು ಎರಡೇ ಸಲ, ಒಮ್ಮೆ ಸೋದರಮಾವ ಸತ್ತಾಗ, ಒಮ್ಮೆ ಅಜ್ಜಿ ಸತ್ತಾಗ. ಅದರ ಕಪ್ಪು ಕಿವಿಯನ್ನು ಅವಳು ಈವರೆಗೆ ಮುಟ್ಟಿರಲಿಲ್ಲ. ರಾತ್ರಿಯೆಲ್ಲ ಬೇರೆ ಬೇರೆ ಭಯಗಳು. ಲೈನು ಸಿಗದಿದ್ದರೆ? ಸಿಕ್ಕು ದನಿ ಹೊರಡದಿದ್ದರೆ? ಹೆಸರು ಹಾಕಿಸಿ ಪುಸ್ತಕಕ್ಕೆ ಜನ ನಕ್ಕರೆ, ಆ ಪಾಪ ಯಾರ ತಲೆಗೆ?

ಶನಿವಾರ ಬೆಳಿಗ್ಗೆ ಮಗುವನ್ನು ಕಂಕುಳಿಗೇರಿಸಿಕೊಂಡು ಯಾರ್ಡಿಗೆ ಹೋದಳು. ಕಲ್ಲು ಕೊಯ್ಯುವ ಗರಗಸದ ಸದ್ದಿನಲ್ಲಿ ಆಫೀಸಿನ ಕಿಟಕಿ ನಡುಗುತ್ತಿತ್ತು. ಮಜೀದರು ಕುಂದ್ರವ್ವಾ ಎಂದು ಕುರ್ಚಿ ಒರೆಸಿ ಕೊಟ್ಟು, ಟ್ರಂಕ್ ಕಾಲ್ ಹಚ್ಚಿಸಿದರು. ಕಾದರು. ಚಹಾ ತರಿಸಿದರು. ಗೊಲ್ಲಾಳಪ್ಪ ಹೊರಗೆ, ಅಳೆದ ಫರಸಿಯನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಫೋನು ರಿಂಗಾಯಿತು. ಮಜೀದರು ಮಾತಾಡಿ ಅವಳ ಕೈಗೆ ಕೊಟ್ಟು, ಮಗುವನ್ನು ತಾವು ತೆಗೆದುಕೊಂಡರು.

ಆ ಕಡೆ ಯಾರೋ ಬಾವಿಯ ತಳದಿಂದ ಮಾತಾಡುತ್ತಿದ್ದಂತಿತ್ತು. ಅವಳು ಮೊದಲು ಮೆಲ್ಲಗೆ ಹೇಳಿದಳು. ಗರಗಸದ ಸದ್ದು ನುಂಗಿತು. ಜೋರಾಗಿ ಹೇಳಿದಳು. ಆಮೇಲೆ ಹಿಂದೆಂದೂ ಕೂಗದವಳು, ಕೊರಳ ನರ ಉಬ್ಬಿಸಿ, ಕಣ್ಣು ಮುಚ್ಚಿ ಕೂಗಿದಳು.

“ಹಲೋ! ಪ್ರೊಫೆಸರ್ ತೆಗೀರಿ! ಎಂ.ಎ. ತೆಗೀರಿ! ಗೊಲ್ಲಾಳಪ್ಪ, ದಂಡೋತಿ, ಅಂತ ಹಾಕ್ರಿ!”

ಹಿಂದಿನಿಂದ ಏನೋ ಸದ್ದು. ಗಾಡಿಯಿಂದ ಹರಳು ಸುರಿದಂತೆ, ಕಕಕಕ ಎಂದು, ಉಸಿರು ಕಟ್ಟುವ ಹಾಗೆ. ಮಜೀದರು ಅವಳ ಭುಜ ತಟ್ಟಿ, ನೋಡವ್ವಾ ಇಲ್ಲಿ, ನಿನ್ನ ಮಗ ನಗುತ್ತಿದ್ದಾನೆ ಎಂದರು. ಕಿಟಕಿಯಾಚೆ ಗೊಲ್ಲಾಳಪ್ಪ ಫೂಟುಪಟ್ಟಿ ಬಿಟ್ಟು ಮಗುವಿನ ಮುಖವನ್ನೇ ನೋಡುತ್ತ ನಿಂತಿದ್ದ. ಶಶಿಕಲಾ ತಿರುಗಲಿಲ್ಲ. ತಡೆಯಿರಿ ಎಂಬಂತೆ ಒಂದು ಕೈ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಗದಗಿನಲ್ಲಿ ಫೋನೆತ್ತಿದ ಮಷಿನ್ನಿನವನು ಯಾವ ಗೊಲ್ಲಾಳಪ್ಪ, ನಗೆ ಸೀನುಗಳ ಗೊಲ್ಲಾಳಪ್ಪನೇನು ಎಂದು ಕೇಳುತ್ತಿದ್ದ.

“ಹೌದ್ರಿ,” ಎಂದು ಅವಳು ಇನ್ನೂ ಜೋರಾಗಿ ಕೂಗಿದಳು. “ಅವರ. ನಮ್ಮ ಮಾವಾರು.”