ಬಾಲದ ಕಡೆಯಿಂದ ಬಂದ ತೂಕ

ಕಾಟಾದ ಮೇಲೆ 52.40 ಕಿಲೋ, ನನ್ನ ಕಂಪ್ಯೂಟರಿನಲ್ಲಿ 04.25! ಶಹಾಪುರದ ಹತ್ತಿ ಮಿಲ್ಲಿನ ಎಲೆಕ್ಟ್ರಾನಿಕ್ ತೂಕದ ಕಾಟಾವನ್ನು ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಜೋಡಿಸಿ ಎರಡು ದಿನವಾಗಿತ್ತು. ಕೇಬಲ್ ಬದಲಿಸಿದೆ, ಸೆಟ್ಟಿಂಗ್ ಬದಲಿಸಿದೆ. ತೂಕ ಮಾತ್ರ ತಪ್ಪೇ. “ಮಧ್ಯಾಹ್ನದೊಳಗ ಆಗ್ಲಿಲ್ಲಂದ್ರ ಕಿತ್ಕೊಂಡು ಹೋಗ್ರಿ” ಎಂದು ಮಾಲೀಕರು ಹೇಳಿಬಿಟ್ಟರು.

ಚೀಲ ಹೊಲಿದು ಅದರ ಮೇಲೆ ತೂಕ ಬರೆಯುವ ಶರಣಮ್ಮ ದಬ್ಬಣ ಹಿಡಿದೇ ಎದ್ದು ಬಂದು ಎರಡೂ ಕಡೆ ನೋಡಿದರು.

“ಅಂಕಿ ಅವೇ ಅದಾವಲ್ರೀ ಸರ. ಬಾಲದ ಕಡಿಂದ ಬರಾಕತ್ತಾವ, ನೋಡ್ರಿ.”

ಹೌದು! ಕಾಟಾ ಕೊನೆಯ ಅಂಕಿಯನ್ನೇ ಮೊದಲು ಕಳಿಸುತ್ತಿತ್ತು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಸೇರಿಸಿ ಅಂಕಿಗಳನ್ನು ತಿರುಗಿಸಿದೆ. ಪರದೆಯ ಮೇಲೆ 52.40! ಚೀಲ ಹೊರುವ ಹಮಾಲರೆಲ್ಲ ಕೇಕೆ ಹಾಕಿದರು.

ಮರುವಾರ ಕೆಂಭಾವಿಯ ಮಿಲ್ಲಿನಲ್ಲೂ ತೂಕ ತಪ್ಪು ಬಂತು. ನಾನು ಕೇಬಲ್ ಮುಟ್ಟಲಿಲ್ಲ. ಇಲ್ಲಿ ಚೀಲದ ಮೇಲೆ ತೂಕ ಬರೆಯುವವರು ಯಾರೆಂದು ಕೇಳಿದೆ.